ಬಾಗ್ದಾದಿನ ಸಾವಿಗೆ ಗುಂಡ್ಲುಪೇಟೆಯಲ್ಲಿ ಆರಿದ ಒಲೆ

ಅತ್ತೆ,

ನೀವಿದ್ದಾಗ ನಿಮಗೆ ಒಂದು ಕಾಗದವನ್ನೂ ಬರೆದವಳಲ್ಲ ನಾನು. ಒಂದೇ ಮನೆಯಲ್ಲಿರುವವರು ಯಾರಿಗೆ ಯಾರು ಬರೆಯುತ್ತಾರೆ? ಏನಾದರೂ ಹೇಳುವುದಿದ್ದರೆ ಬಚ್ಚಲಿನಿಂದಲೇ ಕೂಗುತ್ತಿದ್ದೆ. ನೀವು ಬೇಕಾದದ್ದನ್ನು ಕೇಳಿಸಿಕೊಂಡು ಬೇಡವಾದದ್ದಕ್ಕೆ ಕಿವುಡಾಗುತ್ತಿದ್ದಿರಿ. ಈಗ ಬರೆಯಲೇಬೇಕಾಗಿದೆ. ಕಾಗದವಾದರೆ ನೀವು ನಡುವೆ ಬಾಯಿ ಹಾಕುವುದಕ್ಕೆ ಆಗುವುದಿಲ್ಲ ಎನ್ನುವ ಧೈರ್ಯವೂ ಇದೆ ಅನ್ನಿ.

ಮತ್ತೆ ಯುದ್ಧ ನಡೆಯುತ್ತಿದೆ ಅತ್ತೆ. ಈ ಸಲ ನಮ್ಮದೇ ಗಡಿಯಲ್ಲಿ, ಕಾರ್ಗಿಲ್ ಅಂತ, ಹಿಮದ ಬೆಟ್ಟಗಳ ಮೇಲೆ. ಹೋಟೆಲಿನಲ್ಲಿ ನಿಮ್ಮ ರೇಡಿಯೋ ಇದ್ದ ಹಲಗೆಯ ಮೇಲೆ ಈಗ ಟಿ.ವಿ. ಕೂತಿದೆ. ಯಾವ ದೇಶ ಯಾರ ಬೆನ್ನಿಗಿದೆ, ಯಾರು ಗುಂಡು ಕೊಟ್ಟರು, ಯಾರು ದುಡ್ಡು ಕೊಟ್ಟರು ಅಂತ ಬೆಳಗಿನ ಕಾಫಿಯಿಂದ ಸಂಜೆಯ ಬೋಂಡದವರೆಗೂ ಅದೇ ಮಾತು. ಎದುರಿನ ಈರುಳ್ಳಿ ಮಂಡಿಯ ಸಿದ್ದರಾಜಣ್ಣನಿಗೆ ಕನ್ನಡಕ ಬಂದಿದೆ, ದನಿ ಮಾತ್ರ ಹಿಂದಿನದೇ. ಮೊನ್ನೆ ಅವರು ಬೆಂಚು ಗುದ್ದಲು ಕೈಯೆತ್ತಿದವರು ಹಾಗೇ ನಿಲ್ಲಿಸಿ, ಅಡುಗೆಮನೆಯ ಬಾಗಿಲ ಕಡೆ ಒಂದು ಸಲ ನೋಡಿ, ಮೆಲ್ಲಗೆ ಕೈ ಇಳಿಸಿದರು. ನೀವು ಹೋಗಿ ಇಷ್ಟು ಕಾಲವಾದರೂ ಆ ಬಾಗಿಲಿಗೆ ಇನ್ನೂ ಹೆದರುತ್ತಾರೆ.

ನಾನು ಮದುವೆಯಾಗಿ ಬಂದ ಹೊಸತರಲ್ಲಿ ನನಗೂ ಆ ಬಾಗಿಲೆಂದರೆ ಭಯವೇ. ಚಾಮರಾಜನಗರದ ಆಫೀಸಿನಲ್ಲಿ ಟೈಪಿಸ್ಟ್ ಕೆಲಸ ಬಿಡುವುದಿಲ್ಲ ಎಂದು ಷರತ್ತು ಹಾಕಿ ಮದುವೆಯಾದವಳು ನಾನು. ಅತ್ತೆ ಹೋಟೆಲು ನಡೆಸುವವರು, ಬಾಯಿ ಜೋರು ಎಂದು ಎಲ್ಲರೂ ಹೆದರಿಸಿದ್ದರು. ಬಂದು ನೋಡಿದರೆ ನೀವು ಬೋಂಡ ಕಟ್ಟಿಕೊಡಲು ಹರಿದಿಟ್ಟ ಹಳೆಯ ಪೇಪರು ತುಂಡುಗಳನ್ನು ಬೆರಳಿಟ್ಟು ಓದುತ್ತಾ ಕೂತಿದ್ದಿರಿ. ಗಿರಾಕಿ ಬೋಂಡಕ್ಕೆ ಕಾಯುತ್ತಾ ನಿಂತಿದ್ದ. "ತಡಿಯಪ್ಪ, ಇದೊಂಚೂರು ಮುಗುಸ್ಬುಡ್ತೀನಿ" ಎಂದಿರಿ. ನಿಮಗೆ ತಲುಪುತ್ತಿದ್ದ ಸುದ್ದಿಯೆಲ್ಲ ವಾರದಷ್ಟು ಹಳೆಯದು, ಅರ್ಧಕ್ಕೆ ಹರಿದದ್ದು. ಉಳಿದ ಅರ್ಧವನ್ನು ಲಾರಿ ಡ್ರೈವರುಗಳ ಬಾಯಿಂದ ಕೇಳಿ ತುಂಬಿಸಿಕೊಳ್ಳುತ್ತಿದ್ದಿರಿ. ಕೇರಳದ ಕಡೆಯಿಂದ, ಊಟಿಯ ಕಡೆಯಿಂದ ಬರುವ ಲಾರಿಗಳೆಲ್ಲ ನಿಮ್ಮ ಮುಂದೆ ನಿಲ್ಲುತ್ತಿದ್ದುದು ಮುದ್ದೆ ಉಪ್ಸಾರಿಗೋ ನಿಮ್ಮ ಜೊತೆ ವಾದ ಮಾಡುವುದಕ್ಕೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಆ ಡ್ರೈವರುಗಳಲ್ಲಿ ಒಬ್ಬ ಕೋಯಾ. ಇಲ್ಲಿಂದ ಟೊಮೇಟೊ, ಬೀನ್ಸು ತುಂಬಿಕೊಂಡು ಕಲ್ಲಿಕೋಟೆಗೆ ಹೋಗುತ್ತಿದ್ದವನು. ನಿಮ್ಮನ್ನು ಅವನು ತನ್ನ ತಾಯಿಯನ್ನು ಕರೆಯುವ ಹಾಗೆ 'ಉಮ್ಮಾ' ಎಂದು ಕರೆಯುವಾಗ ನೀವು 'ಏನ್ ಕೋಯಾ' ಎನ್ನುತ್ತಿದ್ದ ದನಿ ನಿಮ್ಮ ಮಗನಿಗೂ ಸಿಗುತ್ತಿರಲಿಲ್ಲ. ಅವನ ಭಾವ ಸೌದಿಯ ದಮ್ಮಾಮಿನಲ್ಲಿದ್ದ. ಅಲ್ಲಿ ಡ್ರೈವರುಗಳು ಬೇಕಂತೆ ಎಂಬ ಸುದ್ದಿ ತಂದ. ಆಗ ಇಲ್ಲೇ ಲಾರಿ ಓಡಿಸುತ್ತಿದ್ದ ನಿಮ್ಮ ಮಗ ಅದಾಗಲೇ ಮನಸ್ಸಿನಲ್ಲೇ ವಿಮಾನ ಹತ್ತಿದ್ದರು. ನೀವು ಮುದ್ದೆಕೋಲು ಕೆಳಗಿಟ್ಟು ಒಂದೇ ಪ್ರಶ್ನೆ ಕೇಳಿದಿರಿ.

"ಏನ್ ಓಡ್ಸೀಯೆ ಅಲ್ಲಿ?"

"ನೀರಿನ್ ಲಾರಿ ಕಣವ್ವ. ಅಲ್ಲಿ ಮಳೆನೇ ಇಲ್ಲ. ಲಾರೀಲಿ ತುಂಬ್ಕೊಂಡೋಗಿ ಕೊಡ್ಬೇಕು."

"ಹಂಗಾದ್ರೆ ಓಗು. ನೀರು ಕೊಡೋ ಕೆಲ್ಸ ಒಳ್ಳೇದು" ಎಂದಿರಿ. ಆ ಊರಿನ ಬಗ್ಗೆ, ಸಂಬಳದ ಬಗ್ಗೆ ಒಂದು ಮಾತೂ ಕೇಳಲಿಲ್ಲ. ನಾನು ಒಳಗೆ ಅಕ್ಕಿ ಆರಿಸುತ್ತಾ ಅಳುತ್ತಿದ್ದೆ. ನೀವು ಬಂದು ಅಕ್ಕಿಯಲ್ಲಿ ಕಲ್ಲು ಉಳಿದಿದೆ ಎಂದು ಬಯ್ದು ಹೋದಿರಿ.

ಅವರು ಹೋದ ಮರುವರ್ಷ ಸಂಕ್ರಾಂತಿಯ ಎಳ್ಳುಬೆಲ್ಲ ಬಾಯಲ್ಲಿರುವಾಗಲೇ ಇರಾಕಿನ ಮೇಲೆ ಅಮೆರಿಕದವರ ಬಾಂಬು ಬೀಳುವುದಕ್ಕೆ ಶುರುವಾಯಿತು, ನೆನಪಿದೆಯಾ? ಇರಾಕಿನವರು ಕುವೈತನ್ನು ನುಂಗಿ ಕೂತಿದ್ದರು, ಬಿಡಿಸುತ್ತೇವೆ ಎಂದು ಇವರು ಹೊರಟಿದ್ದರು. ಇರಾಕಿನವರು ತಿರುಗಿ ಸೌದಿಯ ಊರುಗಳ ಮೇಲೆ ಕ್ಷಿಪಣಿ ಬಿಡುತ್ತಿದ್ದರು, ಅದರಲ್ಲಿ ದಮ್ಮಾಮಿನ ಕಡೆಗೂ. ನಮ್ಮ ಹತ್ತಿರ ಫೋನಿರಲಿಲ್ಲ, ನಿಮ್ಮ ಮಗ ಸಿದ್ದರಾಜಣ್ಣನ ಮಂಡಿಗೆ ಫೋನು ಮಾಡುತ್ತಿದ್ದರು. ಅದೂ ನಿಂತಿತು. ಮಂಡಿಯ ಫೋನು ರಿಂಗಾದಾಗಲೆಲ್ಲ ನೀವು ಸೌಟು ಹಿಡಿದುಕೊಂಡೇ ರಸ್ತೆ ದಾಟಿ ಹೋಗುತ್ತಿದ್ದಿರಿ. ಅದು ಯಾವಾಗಲೂ ಈರುಳ್ಳಿಯ ರೇಟು ಕೇಳುವ ಫೋನೇ ಆಗಿರುತ್ತಿತ್ತು. ವಾಪಸು ಬಂದು ಏನೂ ಆಗದವರ ಹಾಗೆ ಸಾರು ತಿರುವುತ್ತಿದ್ದಿರಿ.

ಅಷ್ಟರಲ್ಲಿ ಪೇಪರಿನಲ್ಲಿ ಇನ್ನೊಂದು ಸುದ್ದಿ ಬಂತು. ಅಮೆರಿಕದ ಯುದ್ಧದ ವಿಮಾನಗಳು ನಮ್ಮ ದೇಶದಲ್ಲಿ ಇಳಿದು ಎಣ್ಣೆ ತುಂಬಿಸಿಕೊಂಡು ಹೋಗುತ್ತಿವೆಯಂತೆ. ಕೊಡಬೇಕಾ, ಕೊಡಬಾರದಾ? ದೆಹಲಿಯಲ್ಲಿ ಅವರು ಕಿತ್ತಾಡಲಿ, ನಮ್ಮ ಹೋಟೆಲಿನಲ್ಲಿ ಅದಕ್ಕಿಂತ ಜೋರು ಕಿತ್ತಾಟ. ಸಿದ್ದರಾಜಣ್ಣ ಕೊಡಬೇಕು ಎನ್ನುವ ಕಡೆ. "ಎಣ್ಣೆ ತಾನೆ? ಕಾಸ್ ತಕ್ಕೊಂಡು ಕೊಡೋದು. ನಾನ್ ಈರುಳ್ಳಿ ಮಾರ್ದಾಗ ತಕ್ಕೊಂಡೋನು ಏನ್ ಸಾರ್ ಮಾಡ್ತಾನೆ ಅಂತ ಕೇಳ್ತೀನಾ?" ಪಂಚಾಯಿತಿ ಮೆಂಬರು ರೇವಣ್ಣ ಕೊಡಬಾರದು ಎನ್ನುವ ಕಡೆ. "ಯಾರ್ ಕಡೀಗೂ ಸೇರ್ದೇ ಇರೋ ದೇಶ ಕಣ್ಲಾ ನಮ್ದು. ಬಡವರ್ ಮೇಲೆ ಬೀಳೋ ಬಾಂಬ್ಗೆ ನಾವ್ ಎಣ್ಣೆ ಉಯ್ಯದಾ?" ಸೀಮೆಎಣ್ಣೆಗೆ ಕ್ಯೂ ನಿಂತು ಬಂದವರೂ ಈ ಎಣ್ಣೆಯ ಜಗಳಕ್ಕೆ ಕೂತುಬಿಡುತ್ತಿದ್ದರು. ಮಜವೆಂದರೆ ಇಬ್ಬರಿಗೂ ಕೊನೆಗೆ ನಿಮ್ಮ ಸಾಕ್ಷಿಯೇ ಬೇಕು. ಮಗ ಅಲ್ಲಿರುವವರು ನೀವಲ್ಲವಾ?

ಒಂದು ಮಧ್ಯಾಹ್ನ ರೇವಣ್ಣ ನೇರವಾಗಿಯೇ ಕೇಳಿದ. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಸಭೆ ಮಾಡುತ್ತೇವೆ, ನೀವು ಬಂದು ಎಣ್ಣೆ ಕೊಡಬೇಡಿ ಎಂದು ಎರಡು ಮಾತು ಹೇಳಬೇಕು ಎಂದು. ಸಿದ್ದರಾಜಣ್ಣ ಬಿಡುತ್ತಾರಾ? ಆ ವಿಮಾನಗಳೇ ನಿಮ್ಮ ಮಗನನ್ನು ಕಾಯುತ್ತಿರುವುದು, ಕೊಡಿ ಎಂದು ಹೇಳಿ ಎಂದರು. ನನಗೆ ರಜೆ ಇತ್ತು, ತಟ್ಟೆ ಒರೆಸುತ್ತಾ ನಿಂತಿದ್ದೆ. ನೀವು ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದ್ದು ನನ್ನ ಕಿವಿಯಲ್ಲಿ ಈಗಲೂ ಇದೆ.

"ನನ್ ಕೇಳಿದ್ರೆ ಕೊಡಿ ಅಂತೀನಿ ಕಣಪ್ಪ. ಎಲ್ಲಾನೂ ಕೊಡಿ, ನನ್ ಮಗ ಬದುಕ್ಲಿ. ಅದಕ್ಕೇ ನನ್ ಕೇಳ್ಬ್ಯಾಡಿ. ಮಗನ್ನ ಅಲ್ಲಿ ಬುಟ್ಟಿರೋಳ್ಗೆ ನ್ಯಾಯ ಎಲ್ಲಿಂದ ಕಾಣ್ತದೆ? ನಿಮಗ್ಯಾರೂ ಇಲ್ವಲ್ಲ ಅಲ್ಲಿ, ನೀವು ಸರ್ಯಾಗಿ ಯೋಚ್ನೆ ಮಾಡಿ."

ನಾನು ಕಾಲೇಜು ಓದಿದವಳು, ಚರ್ಚಾಸ್ಪರ್ಧೆಯಲ್ಲಿ ಬಹುಮಾನ ತೆಗೆದುಕೊಂಡವಳು. ತನಗೆ ಬೇಕಾದದ್ದು ಬೇರೆ, ಸರಿಯಾದದ್ದು ಬೇರೆ ಇರಬಹುದು ಎಂದು ಅಷ್ಟು ಸಲೀಸಾಗಿ ಒಪ್ಪಿಕೊಂಡವರನ್ನು ನಾನು ಯಾವ ವೇದಿಕೆಯ ಮೇಲೂ ಕಂಡಿರಲಿಲ್ಲ. ಅವತ್ತು ನಿಮ್ಮ ಕಾಲಿಗೆ ಬೀಳಬೇಕು ಅನ್ನಿಸಿತು. ಬಿದ್ದಿದ್ದರೆ "ಸೊಂಟಕ್ಕೇನಾಯ್ತಮ್ಮಿ" ಎನ್ನುತ್ತಿದ್ದಿರಿ.

ಆದರೂ ಜನ ಜನವೇ. ಸಂಜೆಯ ವಾರ್ತೆ ಬಂದರೆ ಕ್ರಿಕೆಟ್ಟಿನ ಹಾಗೆ ಕೇಳುತ್ತಿದ್ದರು. ಇರಾಕಿನ ಮೇಲೆ ಬಾಂಬು ಬಿದ್ದರೆ ಸಿದ್ದರಾಜಣ್ಣ ಬೆಂಚು ಗುದ್ದುತ್ತಿದ್ದರು, ಸೌದಿಯ ಮೇಲೆ ಕ್ಷಿಪಣಿ ಬಿದ್ದರೆ ರೇವಣ್ಣ. ಒಂದು ದಿನ ರೇಡಿಯೋದಲ್ಲಿ ದಮ್ಮಾಮಿನ ಹೆಸರು ಬಂದದ್ದೂ ಅವನು ಬೆಂಚು ಗುದ್ದಿದ್ದೂ ಒಟ್ಟಿಗೇ ಆಯಿತು. ಆಮೇಲೆ ನಾಲಿಗೆ ಕಚ್ಚಿಕೊಂಡ. ನೀವು ಅವನ ತಟ್ಟೆಗೆ ಎಂದಿನಂತೆ ಇನ್ನೊಂದು ಸೌಟು ಸಾರು ಬಿಟ್ಟು ಒಳಗೆ ಹೋದಿರಿ. ಬಹಳ ಹೊತ್ತು ಹೊರಗೆ ಬರಲಿಲ್ಲ.

ಶಿವರಾತ್ರಿ ಆಗಷ್ಟೇ ಕಳೆದಿತ್ತು. ನಾನು ಎಂದಿನಂತೆ ಬೆಳಗಿನ ಬಸ್ಸಿಗೆ ಚಾಮರಾಜನಗರಕ್ಕೆ ಹೋಗಿದ್ದೆ. ಹೋಟೆಲಿನಲ್ಲಿ ನಡೆದದ್ದನ್ನು ನಾನು ಕಣ್ಣಾರೆ ಕಂಡಿಲ್ಲ, ಆಮೇಲೆ ಕೇಳಿ ಜೋಡಿಸಿಕೊಂಡದ್ದು. ತಿಂಡಿ ಮುಗಿದು ಮುದ್ದೆಗೆ ಎಸರಿಟ್ಟಿದ್ದಿರಂತೆ. ರೇಡಿಯೋ ಹೇಳಿತು: ಬಾಗ್ದಾದಿನಲ್ಲಿ ಬಾಂಬಿಗೆ ಹೆದರಿ ಗಟ್ಟಿ ಗೋಡೆಯ ಒಂದು ಆಸರೆಯಲ್ಲಿ ಮಲಗಿದ್ದ ಹೆಂಗಸರು ಮಕ್ಕಳ ಮೇಲೆಯೇ ಬಾಂಬು ಬಿದ್ದಿದೆ, ನೂರಾರು ಜನ ಸತ್ತಿದ್ದಾರೆ, ಹೆಣಗಳನ್ನು ಇನ್ನೂ ಹೊರಗೆ ತೆಗೆಯುತ್ತಿದ್ದಾರೆ. ಇನ್ನೂ ತೆಗೆಯುತ್ತಿದ್ದಾರೆ ಎನ್ನುವ ಮಾತೇ ನಿಮ್ಮನ್ನು ಹಿಡಿದದ್ದು. ನೀವು ಹುಟ್ಟಿದ ಕುದೇರಿನ ಬೀದಿಯಲ್ಲಿ ಹೆಣ ಎತ್ತುವವರೆಗೂ ಯಾರ ಮನೆಯಲ್ಲೂ ಒಲೆ ಉರಿಯುವುದಿಲ್ಲ. ಜಗಳವಾಡಿ ಮಾತು ಬಿಟ್ಟವರ ಮನೆಯಲ್ಲಿ ಸಾವಾದರೂ ಅಷ್ಟೆ. ನೀವು ಕೊಡದಲ್ಲಿದ್ದ ನೀರನ್ನು ಒಲೆಗೆ ಸುರಿದಿರಿ. ಹೊಗೆ ರಸ್ತೆಯವರೆಗೂ ಬಂತಂತೆ.

ಊಟಕ್ಕೆ ಬಂದವರಿಗೆ ನೀವು ಹೇಳಿದ್ದು ಎರಡೇ ಮಾತು. "ಸಾವಾಗದೆ ಕಣಪ್ಪ. ಇವತ್ತು ಒಲೆ ಇಲ್ಲ." ಹೇಳಿ, ಸೆರಗು ತಲೆಯ ಮೇಲೆ ಎಳೆದುಕೊಂಡು ಜಗಲಿಯ ಮೇಲೆ ಕೂತಿರಿ. ಸಾವಿನ ಮನೆಯ ಮುಂದೆ ನಿಂತು ಸತ್ತವರು ಯಾರು ಎಂದು ಕೇಳುವುದು ನಮ್ಮಲ್ಲಿಲ್ಲ. ಮಗ ಯುದ್ಧದ ಊರಿನಲ್ಲಿ, ತಾಯಿ ಒಲೆ ಆರಿಸಿ ಜಗಲಿಯಲ್ಲಿ. ಕೇಳುವುದೇನಿದೆ? ಸಿದ್ದರಾಜಣ್ಣ ಮಂಡಿಯ ಬಾಗಿಲು ಹಾಕಿಸಿದರು. ಈರುಳ್ಳಿ ತುಂಬಿ ಹೊರಟ ಲಾರಿಯವರು ಚಾಮರಾಜನಗರದವರೆಗೂ ಸುದ್ದಿ ಹಂಚುತ್ತಾ ಬಂದರು, ಅಲ್ಲಿಂದ ಕುದೇರಿಗೆ ಮುಟ್ಟಲು ಎಷ್ಟು ಹೊತ್ತು?

ನಾನು ಟೈಪ್ ಮಾಡುತ್ತಿದ್ದೆ. ನಿಮ್ಮ ತಮ್ಮ ಪುಟ್ಟಸ್ವಾಮಿ ಮಾವ ಆಫೀಸಿನ ಬಾಗಿಲಿಗೆ ಬಂದು ನಿಂತರು, ಕೈಯಲ್ಲಿ ಬಾಳೆಲೆಯ ಪೊಟ್ಟಣ. "ನಡಿ ಕಣವ್ವ, ಊರ್ಗೆ ಓಗನ" ಎಂದರು, ಅಷ್ಟೇ. ಯಾಕೆ ಎಂದರೆ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು. ಬಸ್ಸಿನಲ್ಲಿ ಕುದೇರಿನ ಹೆಂಗಸರು ಆಗಲೇ ಕೂತಿದ್ದರು. ನನ್ನನ್ನು ನೋಡಿ ಮಾತು ನಿಲ್ಲಿಸಿದರು. ತೆರಕಣಾಂಬಿ ಬರುವ ಹೊತ್ತಿಗೆ ಪಕ್ಕದಲ್ಲಿ ಕೂತಿದ್ದವರು ನನ್ನ ಮುಂಗೈ ಹಿಡಿದು ಬಳೆಗಳ ಮೇಲೆ ಮೆಲ್ಲಗೆ ಕೈಯಾಡಿಸಿದರು. ಆಗ ಗೊತ್ತಾಯಿತು. ಅಲ್ಲಿಂದ ಗುಂಡ್ಲುಪೇಟೆಯವರೆಗಿನ ದಾರಿಯನ್ನು ನಾನು ನನ್ನ ಶತ್ರುವಿಗೂ ಬಯಸುವುದಿಲ್ಲ.

ನೀವು ಜಗಲಿಯಲ್ಲೇ ಕೂತಿದ್ದಿರಿ. ಬೀದಿ ತುಂಬಾ ಜನ. ಕೋಯಾ ಲಾರಿಯ ಚಕ್ರಕ್ಕೆ ಒರಗಿ, ನಾನೇ ಕಳಿಸಿದೆ ನಾನೇ ಕಳಿಸಿದೆ ಎಂದು ಹಣೆ ಹೊಡೆದುಕೊಳ್ಳುತ್ತಿದ್ದ. ಕುದೇರಿನ ಹೆಂಗಸರು ಬಸ್ಸಿಳಿಯುತ್ತಲೇ ಬೋರೆಂದು ಅಳುತ್ತಾ ಬಂದರು. ನೀವು ಗಾಬರಿಯಾಗಿ ಎದ್ದು ನಿಂತಿರಿ. ಪುಟ್ಟಸ್ವಾಮಿ ಮಾವ ಪೊಟ್ಟಣ ಬಿಚ್ಚಿ ಹೂವಿನ ಹಾರ ತೆಗೆದರು.

"ಇದ್ಯಾರಿಗ್ಲಾ ಹಾರ?" ಎಂದಿರಿ.

"ಮಾದೇವನ್ ಫೋಟೋಗೆ ಕಣಕ್ಕ..."

"ಯಾಕ್ಲಾ? ಏನಾಗದೆ ನನ್ ಮಗನ್ಗೆ? ಯಾರ್ ಹೇಳುದ್ರು ನಿಂಗೆ?" ನಿಮ್ಮ ಮುಖದ ಬಣ್ಣ ಹೋಗಿಬಿಟ್ಟಿತು. ನಮಗೆ ಗೊತ್ತಾದದ್ದು ನಿಮಗೇ ಗೊತ್ತಿಲ್ಲ ಎಂದುಕೊಂಡಿರಿ.

"ನೀನೇ ಸಾವಾಗದೆ ಅಂದ್ಯಂತಲ್ಲಕ್ಕ."

ನೀವು ಹಾಗೇ ಕುಸಿದು ಕೂತಿರಿ. ಉಸಿರು ತಿರುಗಿದ ಮೇಲೆ ಹೇಳಿದಿರಿ. "ನಮ್ ಮನೇಲಲ್ಲ ಕಣ್ಲಾ. ಬಾಗ್ದಾದಲ್ಲಿ. ಹೆಂಗುಸ್ರು, ಮಕ್ಳು. ಇನ್ನೂ ಹೆಣ ಎತ್ತಿಲ್ವಂತೆ."

ನನಗೆ ನಗು ಬಂತೋ ಅಳು ಬಂತೋ, ಎರಡೂ ಸೇರಿ ಏನೋ ಒಂದು ಬಂತು. ಅಷ್ಟೂ ಜನರ ಮುಂದೆ ನಿಮ್ಮ ಮೇಲೆ ಕೂಗಾಡಿದೆ. ತೆರಕಣಾಂಬಿಯಿಂದ ಇಲ್ಲಿಯವರೆಗೂ ಗಂಡನನ್ನು ಕಳೆದುಕೊಂಡು ಬಂದೆನಲ್ಲ ಅತ್ತೆ, ನಿಮ್ಮ ಬಾಗ್ದಾದಿಗೋಸ್ಕರ, ಎಂದೆ. ಸೊಸೆ ಅತ್ತೆಯ ಮೇಲೆ ಬೀದಿಯಲ್ಲಿ ಕೂಗಿದರೆ ಬೇರೆ ದಿನವಾಗಿದ್ದರೆ ಏನಾಗುತ್ತಿತ್ತೋ. ನೀವು ನನ್ನನ್ನು ಎಳೆದು ಪಕ್ಕಕ್ಕೆ ಕೂರಿಸಿಕೊಂಡಿರಿ.

"ಅತ್ಬುಡು ಸರೋಜಿ. ಅಲ್ಲೂ ನಿನ್ನಂತೋಳು ಒಬ್ಳು ಅಳ್ತಾವ್ಳೆ. ನಿಂದು ಸುಳ್ಳಾಯ್ತು ಕಣವ್ವ. ಅವಳ್ದು ಸುಳ್ಳಾಗಕ್ಕಿಲ್ಲ."



ಮೊದಲು ಚೇತರಿಸಿಕೊಂಡವರು ಸಿದ್ದರಾಜಣ್ಣ. ಅವರಿಗೆ ಸಿಟ್ಟು ಬಂದಿತ್ತು, ಬರುವುದೂ ಸಹಜವೇ. "ಏನ್ ಚಿಕ್ಕತಾಯವ್ವ, ಮಂಡಿ ಮುಚ್ಚುಸ್ಬುಟ್ಟೆ, ಊರ್ನೆಲ್ಲಾ ಅಳುಸ್ಬುಟ್ಟೆ. ಅವ್ರು ನಮಗೇನಾಗ್ಬೇಕು?"

"ಏನೂ ಆಗಬೇಕಿಲ್ಲ ಸಿದ್ದರಾಜು. ನೀನ್ಯಾಕೆ ಮಂಡಿ ಮುಚ್ದೆ? ಸತ್ತೋನ್ ಹೆಸ್ರು ಗೊತ್ತದೆ ಅನ್ಕಂಡೆ, ಅದಕ್ಕೆ. ಅವರ್ಗೂ ಹೆಸ್ರದೆ ಕಣಪ್ಪ. ನಮಗೆ ಗೊತ್ತಿಲ್ಲ, ಅಷ್ಟೆ."

ರೇವಣ್ಣನಿಗೆ ಹುರುಪು ಬಂತು. ನೋಡಿ, ಅವ್ವ ನಮ್ಮ ಕಡೆ, ಅಮೆರಿಕದವರಿಗೆ ಹನಿ ಎಣ್ಣೆಯನ್ನೂ ಕೊಡಬಾರದು ಎಂದು ಶುರು ಮಾಡಿದ. ನೀವು ಅವನನ್ನೂ ಬಿಡಲಿಲ್ಲ. "ನಿನ್ ಕಡೀಗೂ ಅಲ್ಲ ಕ್ವಾಣ. ನನ್ ಮಗ ಇರೋ ಊರ್ಗೆ ಬಿದ್ದಾಗ ಬೆಂಚು ಗುದ್ದಿದ್ದು ಯಾವ್ ಕೈಲಿ? ಅದೇ ಕೈಲಿ ಅಲ್ವಾ ಉಂಡಿದ್ದು?" ರೇವಣ್ಣ ತಲೆ ತಗ್ಗಿಸಿದ. ಆಮೇಲೆ ಕೋಯಾ ಎದ್ದು ಬಂದು ನಿಮ್ಮ ಕಾಲ ಬಳಿ ಕುಕ್ಕರಗಾಲಿನಲ್ಲಿ ಕೂತ.

"ಮಾದೇವನ್ ಜೀವಂತ ಉಂಟಲ್ಲ ಉಮ್ಮಾ?"

"ಗೊತ್ತಿಲ್ಲ ಕಣ ಕೋಯಾ. ನಂಗೂ ಗೊತ್ತಿಲ್ಲ."

ಅದೇ ಅಲ್ಲವಾ ಅತ್ತೆ, ನನ್ನನ್ನು ಇವತ್ತಿಗೂ ಬೆರಗುಗೊಳಿಸುವುದು? ಮಗ ಬದುಕಿದ್ದಾನೆ ಎಂಬ ಧೈರ್ಯವಿದ್ದವರು ಬೇರೆಯವರ ಸಾವಿಗೆ ಮರುಗುವುದು ದೊಡ್ಡದಲ್ಲ. ನಿಮಗೆ ಆ ಧೈರ್ಯವಿರಲಿಲ್ಲ. ನಿಮ್ಮ ಮಗನ ಊರಿನ ಮೇಲೆ ಕ್ಷಿಪಣಿ ಬಿಡುತ್ತಿದ್ದ ದೇಶದ ಹೆಂಗಸರು ಮಕ್ಕಳಿಗಾಗಿ ನೀವು ಒಲೆ ಆರಿಸಿದಿರಿ. ನನ್ನ ಕೈಲಾಗುತ್ತಿತ್ತಾ? ಪ್ರಾಮಾಣಿಕವಾಗಿ ಹೇಳುತ್ತೇನೆ, ಆಗುತ್ತಿರಲಿಲ್ಲ.

ಸಾವಿನ ಮನೆಯೆಂದು ಸಿದ್ದರಾಜಣ್ಣನ ಹೆಂಡತಿ ಅಷ್ಟರಲ್ಲಿ ದೊಡ್ಡ ಪಾತ್ರೆಯಲ್ಲಿ ಅನ್ನ ಸಾರು ಮಾಡಿ ಕಳಿಸಿಬಿಟ್ಟಿದ್ದರು. ಅದನ್ನೇನು ಮಾಡುವುದು? ಕುದೇರಿನವರು ಮಧ್ಯಾಹ್ನದ ಊಟ ಬಿಟ್ಟು ಅಳುತ್ತಾ ಬಂದವರು. ನೀವು ಎಲೆ ಹಾಕಿಸಿ ಎಲ್ಲರನ್ನೂ ಕೂರಿಸಿದಿರಿ. ನೀವು ಮಾತ್ರ ಮುಟ್ಟಲಿಲ್ಲ. ಉಣ್ಣಿ ಅತ್ತೆ ಎಂದರೆ, "ನೀವು ನಂಬ್ಕಂಡು ಬಂದ ಸಾವು ಸುಳ್ಳು, ನೀವು ಉಣ್ಣಿ. ನಂದು ನಿಜ" ಎಂದಿರಿ. ಹಾರವನ್ನು ಪುಟ್ಟಸ್ವಾಮಿ ಮಾವ ಏನು ಮಾಡುವುದೆಂದು ತಿಳಿಯದೆ ದೇವರ ಪಟಕ್ಕೆ ಹಾಕಿದರು. ಮಾರನೆಯ ಬೆಳಿಗ್ಗೆ ಒಲೆ ಸಾರಿಸಿ, ಸ್ನಾನ ಮಾಡಿ, ಹೊಸ ಬೆಂಕಿ ಹಚ್ಚಿದಿರಿ.

ಆಮೇಲೆ ಸ್ವಲ್ಪ ದಿನಕ್ಕೆ ದೆಹಲಿಯವರು ಎಣ್ಣೆ ಕೊಡುವುದನ್ನು ನಿಲ್ಲಿಸಿದರು. ನಿಮ್ಮ ಒಲೆಯ ಹೊಗೆ ದೆಹಲಿಗೂ ಕಾಣಿಸಿರಬೇಕು ಎಂದು ಸಿದ್ದರಾಜಣ್ಣ ಛೇಡಿಸಿದರು. ಕೊಡಬೇಕಿತ್ತೋ ಬೇಡವೋ ಎಂಬ ವಾದವನ್ನು ಅವರೂ ರೇವಣ್ಣನೂ ಆಮೇಲೂ ನಡೆಸಿದರು. ಆದರೆ ನಮ್ಮ ಬೆಂಚುಗಳಿಗೆ ಏಟು ಬೀಳುವುದು ನಿಂತುಹೋಯಿತು. ಯುದ್ಧ ಮುಗಿದ ಮೇಲೆ ಮಂಡಿಯ ಫೋನು ರಿಂಗಾಯಿತು. ನೀವು ಓಡಿದಿರಿ, ನಾನು ನಿಮ್ಮ ಹಿಂದೆ ಓಡಿದೆ. ಈರುಳ್ಳಿ ರೇಟು ಕೇಳುವ ಫೋನಾಗಿರಲಿಲ್ಲ. ಮಗನ ದನಿ ಕೇಳಿ ನೀವು ಮೊದಲು ಕೇಳಿದ್ದು "ಉಂಡ್ಯಾ?" ಎಂದು.

ನಿಮ್ಮ ಮಗ ವಾಪಸು ಬಂದರು, ನಿಮ್ಮ ಕಣ್ಣ ಮುಂದೆಯೇ ಹೋಟೆಲಿಗೆ ಕೂತರು, ನಿಮ್ಮನ್ನು ಹೆಗಲ ಮೇಲೆ ಹೊತ್ತು ಕಳಿಸಿಕೊಟ್ಟರು. ಅಲ್ಲಿಂದಾಚೆಗಿನದು ನಿಮಗೆ ಗೊತ್ತಿಲ್ಲ. ಚಾಮರಾಜನಗರ ಈಗ ಜಿಲ್ಲೆಯಾಗಿದೆ, ನಮ್ಮ ಆಫೀಸಿಗೆ ದೊಡ್ಡ ಬೋರ್ಡು ಬಂದಿದೆ, ಕೆಲಸ ಮಾತ್ರ ಅಷ್ಟೇ ಇದೆ. ಕೋಯಾ ಗಡ್ಡ ಬೆಳ್ಳಗಾಗಿಸಿಕೊಂಡು ಈಗಲೂ ಬರುತ್ತಾನೆ. ಇವೆಲ್ಲ ಇರಲಿ. ನಾನು ಈ ಕಾಗದ ಹಿಡಿದು ಕೂತದ್ದು ಬೇರೆ ಒಂದು ಮಾತು ಹೇಳುವುದಕ್ಕೆ.

ಹೋದ ವಾರ ಟಿ.ವಿ.ಯಲ್ಲಿ ವಿಮಾನದಿಂದ ಗುಡ್ಡದ ಮೇಲೆ ಬಾಂಬು ಹಾಕುವುದನ್ನು ತೋರಿಸುತ್ತಿದ್ದರು. ನಮ್ಮ ಹುಡುಗರು ಅಲ್ಲಿ ಪ್ರಾಣ ಕೊಡುತ್ತಿದ್ದಾರೆ, ನೋಡುವವರಿಗೆ ರಕ್ತ ಕುದಿಯುವುದು ತಪ್ಪಲ್ಲ. ನಿಮ್ಮ ಮಗ ಮಾತ್ರ ಗಲ್ಲಾ ಬಿಟ್ಟು ಎದ್ದು ಹಿತ್ತಲಿಗೆ ಹೋದರು. ಎಷ್ಟು ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ ಸೌದೆ ರಾಶಿಯ ಮೇಲೆ ಕೂತಿದ್ದರು. ಏನಾಯಿತು ಎಂದೆ. ನೆಲ ನೋಡುತ್ತಲೇ ಹೇಳಿದರು.

"ನೀರಲ್ಲ ಕಣೆ ನಾನು ಹೊತ್ತಿದ್ದು. ಮೊದ್ಲು ನೀರೇ. ಯುದ್ಧ ಶುರುವಾದ್ಮೇಲೆ ನಮ್ಮನ್ನೆಲ್ಲ ಎಣ್ಣೆ ಟ್ಯಾಂಕರ್‌ಗೆ ಹಾಕುದ್ರು. ವಿಮಾನದ್ ಎಣ್ಣೆ. ಬಾಂಬ್ ತುಂಬ್ಕೊಂಡ್ ನಿಂತಿರೋವು, ಅವುಕ್ಕೆ."

ಯುದ್ಧ ಮುಗಿದ ಮೇಲೆ, ನಾನಿಲ್ಲದಾಗ ಬಂದ ಇನ್ನೊಂದು ಫೋನಿನಲ್ಲಿ ನೀವು ಒಲೆ ಆರಿಸಿದ ಕಥೆ ಹೇಳಿದಿರಂತೆ. ನಗುನಗುತ್ತಾ ಹೇಳಿದಿರಂತೆ, ಹಾರದ ವಿಷಯವನ್ನೂ. ಬಾಗ್ದಾದಿನ ಆ ಬಾಂಬು ತಾನು ತುಂಬಿಸಿದ ಎಣ್ಣೆಯಿಂದ ಹೋಯಿತೋ ಬೇರೆಯವರ ಎಣ್ಣೆಯಿಂದ ಹೋಯಿತೋ ಅವರಿಗೆ ಗೊತ್ತಿಲ್ಲ, ಯಾರಿಗೂ ಗೊತ್ತಾಗುವಂತಿಲ್ಲ. ಬಿಟ್ಟು ಬರುತ್ತೇನೆ ಎಂದರೆ ಪಾಸ್‌ಪೋರ್ಟು ಮಾಲೀಕನ ಹತ್ತಿರ. ಊರಿಗೆ ಬಂದ ಮೇಲೆ ನೀವು ಮುಂದೆ ಕೂತು ಬಡಿಸುವಾಗಲೆಲ್ಲ ಹೇಳಬೇಕು ಎಂದು ಬಾಯಿಗೆ ಬರುತ್ತಿತ್ತಂತೆ. ನೀವು "ಇನ್ನೊಂಚೂರು ಹಾಕಲಾ" ಎನ್ನುತ್ತಿದ್ದಿರಂತೆ, ಅಲ್ಲಿಗೆ ಮಾತು ನುಂಗಿ ಹೋಗುತ್ತಿತ್ತಂತೆ. ನೀವು ಮಾಡಿದ್ದನ್ನು ಊರೆಲ್ಲ ಹೊಗಳುವಾಗ ಅವರು ಎದ್ದು ಹೋಗುತ್ತಿದ್ದುದನ್ನು ನಾನು ಸಂಕೋಚ ಎಂದುಕೊಂಡಿದ್ದೆ.

"ಅವ್ವನ್ಗೆ ಗೊತ್ತಾಗಿದ್ರೆ ಉಣ್ಣಾಕೆ ಇಕ್ತಿದ್ಲಾ ನಂಗೆ?" ಎಂದು ಕೇಳಿದರು. ಮಗುವಿನ ಹಾಗೆ ಕೇಳಿದರು ಅತ್ತೆ. ನಾನು ಏನು ಹೇಳಲಿ? ನಿಮ್ಮ ಪರವಾಗಿ ಹೂಂ ಎನ್ನಲೂ ನನಗೆ ಅಧಿಕಾರವಿಲ್ಲ, ಉಹೂಂ ಎನ್ನಲೂ ಇಲ್ಲ. ಅವ್ವನನ್ನು ನೀವೇ ಕೇಳಿ ಎಂದು ಅವರಿಗೆ ಹೇಳಿದೆ.

ಬರುವ ಮಹಾಲಯ ಅಮಾವಾಸ್ಯೆಗೆ ನಿಮಗೆ ಎಡೆ ಇಡುವಾಗ ಎಲ್ಲವನ್ನೂ ಹೇಳುತ್ತೇನೆ ಎಂದು ಒಪ್ಪಿಕೊಂಡಿದ್ದಾರೆ. ಪ್ರತಿ ವರ್ಷ ಅಡುಗೆ ಮಾಡಿ ಎಡೆ ಇಡುತ್ತಿದ್ದವಳು ನಾನು, ಅವರು ಹಿಂದೆ ನಿಂತು ಕೈ ಮುಗಿಯುತ್ತಿದ್ದರು. ಈ ವರ್ಷ ಮುದ್ದೆ ಅವರೇ ತಿರುವುತ್ತಾರೆ, ಉಪ್ಸಾರು ಅವರೇ ಮಾಡುತ್ತಾರೆ, ಎಲೆಯ ಮೇಲೆ ಅವರ ಕೈಯಲ್ಲೇ ಬಡಿಸುವ ಹಾಗೆ ನೋಡಿಕೊಳ್ಳುತ್ತೇನೆ. ಇದು ನನ್ನ ಮಾತು.

ಮುಂಚೆಯೇ ಬರೆದು ತಿಳಿಸುತ್ತಿರುವುದು ಯಾಕೆ ಗೊತ್ತಾ? ನಿಮಗೆ ಸಿಟ್ಟು ಬರುವುದು ಬೇಗ, ಇಳಿಯುವುದು ನಿಧಾನ. ಈಗಲೇ ಸಿಟ್ಟು ಮಾಡಿಕೊಳ್ಳಿ. ಬಯ್ಯುವುದಿದ್ದರೆ ಈಗಲೇ ಬಯ್ದು ಮುಗಿಸಿ, ನನ್ನ ಪಾಲಿನದ್ದನ್ನೂ ಸೇರಿಸಿ ಬಯ್ಯಿರಿ. ಅಳುವುದಿದ್ದರೆ ಅಳಿ. ಅಮಾವಾಸ್ಯೆಗೆ ಇನ್ನೂ ಕಾಲವಿದೆ. ಅವತ್ತು ನಿಮ್ಮ ಮಗ ಎಲೆಯ ಮುಂದೆ ಕೂತು ಬಾಯಿ ಬಿಡುವ ಹೊತ್ತಿಗೆ, ಏನೇ ಅನ್ನಿಸಲಿ, ಎಡೆ ಮುಟ್ಟದೆ ಮಾತ್ರ ಹೋಗಬೇಡಿ ಅತ್ತೆ.

ನಿಮ್ಮ ಸೊಸೆ,
ಸರೋಜ